ಭಾವನ ಟ್ರ್ಯಾಕ್ಟರು, ನನ್ನ ಬಳೆ

"ಚೊಂಬು ತಿಕ್ಕೋ ಕೈಗೆ ಟ್ರ್ಯಾಕ್ಟರ್ ಒಲಿಯಲ್ಲ" ಅಂದವರು ನಮ್ಮ ಯಜಮಾನರ ಅಣ್ಣ. ಅವರು ಹಾಗಂದ ದಿನದಿಂದ ನಮ್ಮ ಹಿತ್ತಲಲ್ಲಿ ನಗುವುದಕ್ಕೆ ಏನಾದರೂ ಸಿಗುತ್ತಲೇ ಇತ್ತು.

ಅವರ ಹಳೇ ಟ್ರ್ಯಾಕ್ಟರ್ ಕೊಟ್ಟಿಗೆ ಹಿಂದೆ ತುಕ್ಕು ಹಿಡಿಯುತ್ತಿತ್ತು. ಬಾಡಿಗೆಗೆ ಉಳುತ್ತೇನೆ, ಕೊಡಿ ಅಂದೆ.

"ಭಾನುವಾರ ಭದ್ರಾವತಿಯಿಂದ ಗುಜರಿ ಸಾಹೇಬರು ಬರ್ತಾರೆ. ಅಷ್ಟರಲ್ಲಿ ಸ್ಟಾರ್ಟ್ ಮಾಡಿದರೆ ನಿನಗೆ, ಇಲ್ಲದಿದ್ದರೆ ಅವರಿಗೆ."

ಅಂಗಡಿ

ಕೆಟ್ಟಿದ್ದು ಸೊಲೆನಾಯ್ಡ್. ಗುಂಡಿ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಸ್ಟಾರ್ಟರಿಗೆ ದಾಟಿಸುವ, ಲೋಟದಷ್ಟು ಡಬ್ಬಿ. ಶಿವಮೊಗ್ಗದ ಮೋಟಾರು ಸಾಮಾನಿನ ಅಂಗಡಿಯವರು ಹೊಸದನ್ನು ಕೊಡುತ್ತಾ, "ಮೆಕ್ಯಾನಿಕ್ ಎಲ್ಲಮ್ಮ?" ಅಂದರು.

"ನಿಮ್ಮೆದುರಿಗೇ ಇದಾರೆ."

ಅವರು ಬಗ್ಗಿ ನನ್ನ ಬೆನ್ನ ಹಿಂದೆ ನೋಡಿದರು.

ಪುಸ್ತಕ

ನಾನು ಶಾಲೆಗೆ ಹೋದವಳಲ್ಲ. ಬೆಲ್ಲ ಕಟ್ಟಿಕೊಟ್ಟ ಕಾಗದದಲ್ಲಿ ಅಕ್ಷರ ಕೂಡಿಸಿ ಓದು ಕಲಿತವಳು. ಟ್ರ್ಯಾಕ್ಟರ್ ಪುಸ್ತಕದ ಚಿತ್ರ ನೋಡಿ ದಪ್ಪ ತಂತಿ ಜೋಡಿಸಲು ಕೂತೆ. ಕೈಯ ಚಿನ್ನದ ಬಳೆ ತಂತಿಗೂ ಟ್ರ್ಯಾಕ್ಟರಿನ ಕಬ್ಬಿಣಕ್ಕೂ ಒಟ್ಟಿಗೇ ತಗಲಿ ಫಟ್ಟನೆ ಕಿಡಿ ಹಾರಿತು. ಬಳೆ ಕರಗಿ ತುಂಡಾಯಿತು, ಮಣಿಕಟ್ಟು ಸುಟ್ಟಿತು.

"ಮೊದಲು ಬ್ಯಾಟರಿಯ ತಂತಿ ಬಿಚ್ಚಿ" ಅಂತ ಚಿತ್ರದ ಕೆಳಗೇ ಇತ್ತು. ನನ್ನ ಓದು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ವಿಭೂತಿ

ಸುಟ್ಟ ಕೈಗೆ ಜೇನು ಹಚ್ಚಿಕೊಳ್ಳಲು ಒಳಗೆ ಹೋದಾಗ, ಶಾಂತಿಯಾಗಲಿ ಅಂತ ಅತ್ತೆ ಸೊಲೆನಾಯ್ಡಿನ ಬೋಲ್ಟುಗಳಿಗೆ ವಿಭೂತಿ ಕಲಸಿ ಮೆತ್ತಿದ್ದರು. ಗಮನಿಸದೆ ಅದರ ಮೇಲೇ ತಂತಿ ಬಿಗಿದೆ. ಗುಂಡಿ ಒತ್ತಿದರೆ ಬರೀ ಟಕ್; ಬೂದಿ ಅಡ್ಡ ಕೂತು ಕರೆಂಟು ದಾಟುತ್ತಿರಲಿಲ್ಲ. ಎಲ್ಲ ಬಿಚ್ಚಿ, ಹುಣಿಸೆಹಣ್ಣು ಹಾಕಿ, ಚೊಂಬು ತಿಕ್ಕಿದ ಹಾಗೇ ತಿಕ್ಕಿ ತೊಳೆದೆ.

"ಅಯ್ಯೋ, ವಿಭೂತಿ ತೊಳೆದುಬಿಟ್ಟೆಯೇನೇ?"

"ಇಲ್ಲ ಅತ್ತೆ, ಅಭಿಷೇಕ ಮಾಡಿದೆ."

ಭಾನುವಾರ

ಗುಜರಿ ಸಾಹೇಬರು ಎತ್ತಿನ ಗಾಡಿ, ಹಗ್ಗ, ಸುತ್ತಿಗೆ ಸಮೇತ ಬಂದರು. ಒರೆಸಿ ಒಣಗಿಸಿದ ಬೋಲ್ಟುಗಳಿಗೆ ತಂತಿ ಬಿಗಿದು ಆಗಷ್ಟೇ ಎದ್ದಿದ್ದೆ. ಭಾವ ತಾವೇ ಸೀಟು ಹತ್ತಿ ಕೂತರು.

"ಭಾವ, ಗೇರು ನೋಡ್ಕೊಳ್ಳಿ."

"ನನಗೇ ಹೇಳಿಕೊಡ್ತೀಯಾ? ಇದು ಎಲ್ಲಿ ಏಳುತ್ತೆ!" ಅಂತ ಗುಂಡಿ ಒತ್ತಿದರು.

ಎದ್ದಿತು. ಗೇರಿನಲ್ಲೇ ಇದ್ದದ್ದರಿಂದ ಹೊರಟೂ ಬಿಟ್ಟಿತು.

"ನಿಲ್ಲಿಸೇ ಮಾರಾಯ್ತಿ!" ಅಂತ ಭಾವ ಮೇಲಿಂದ ಕೂಗಿದರು. ಸಾಹೇಬರು ಎತ್ತುಗಳನ್ನು ಎಳೆದುಕೊಂಡು ಓಡುತ್ತಾ, "ಬೇಡ ಸ್ವಾಮಿ, ಓಡೋ ಸಾಮಾನು ನಾನು ತಗೊಳ್ಳಲ್ಲ!" ಅಂದರು.

ಟ್ರ್ಯಾಕ್ಟರ್ ನೇರವಾಗಿ ಹೋಗಿ ತಿಪ್ಪೆಗೆ ಮೂತಿ ಹೂತು ನಿಂತಿತು. ಭಾವ ಟ್ರ್ಯಾಕ್ಟರಿಗಿಂತ ಸ್ವಲ್ಪ ಮುಂದೆ ಹೋಗಿದ್ದರು. ಸಗಣಿಯಲ್ಲಿ ಮುಳುಗಿದ್ದ ಅವರನ್ನು ಎಬ್ಬಿಸುತ್ತಾ ಕೇಳಿದೆ: "ಸ್ಟಾರ್ಟ್ ಆಯಿತು ತಾನೇ ಭಾವ?"

ಆ ಟ್ರ್ಯಾಕ್ಟರ್ ಈಗ ನನ್ನದು. ಅದಕ್ಕಾಗಿ ಹೋದದ್ದು ಒಂದು ಚಿನ್ನದ ಬಳೆ, ಮತ್ತೆ ಭಾವನ ಆ ಚೊಂಬಿನ ಮಾತು. ಬಳೆ ಹೋದದ್ದಕ್ಕೆ ಇವತ್ತಿಗೂ ಬೇಜಾರಿದೆ.