ನಿಂತರೆ ಓಡುವ ಎದೆ

ನಿಂತಲ್ಲೇ ಅರ್ಧ ಕನಸಿಗೆ ಜಾರುವವಳಿಗೆ ಇಂಥವು ಆಗುತ್ತಲೇ ಇರುತ್ತವೆ. ಮೊದಲೇ ವಿವರಿಸಿಬಿಡುತ್ತೇನೆ. ನನಗೆ ಪಾಟ್ಸ್ ಎಂಬ ತೊಂದರೆ ಇದೆ. ಅಂದರೆ, ಎದ್ದು ನಿಂತರೆ ರಕ್ತ ಕಾಲಿಗಿಳಿಯುತ್ತದೆ, ಎದೆ ಓಡುತ್ತದೆ, ಲೋಕ ಹಗುರಾಗಿ ಬೆಳ್ಳಗಾಗುತ್ತದೆ. ಕೂತರೆ ಎಲ್ಲ ಮರಳಿ ಬರುತ್ತದೆ. ಸಾಲದ್ದಕ್ಕೆ ಮೈಯಲ್ಲಿ ಕಬ್ಬಿಣದ ಅಂಶವೂ ಕಡಿಮೆ. ಧಾರವಾಡದಿಂದ ನಾಸಿಕದ ಬ್ಯಾಂಕಿಗೆ ವರ್ಗವಾಗಿ ಬಂದ ನನಗಿದ್ದ ಆಸೆ ಒಂದೇ: ನಾಲ್ಕು ಜನರ ನಡುವೆ ಸುಮ್ಮನೆ ನಿಂತಿರುವುದು.

ನೆಲ

ಮೇಲಧಿಕಾರಿ ತಪಾಸಣೆಗೆ ಬಂದ ದಿನ ನಾವೆಲ್ಲ ಸಾಲಾಗಿ ನಿಂತಿದ್ದೆವು. ಅವರ ಮಾತು ದೂರದ ಹೊಳೆಯ ಸದ್ದಿನಂತೆ ಕೇಳತೊಡಗಿತು. ಬೀಳುವುದಕ್ಕಿಂತ ಕೂರುವುದು ಮೇಲು (ಡಾಕ್ಟರೇ ಹೇಳಿದ್ದು), ಆದ್ದರಿಂದ ಅಲ್ಲೇ ನೆಲದ ಮೇಲೆ ಕೂತು ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟರೆ ನನ್ನ ಎರಡೂ ಕಡೆ ಸಹೋದ್ಯೋಗಿಗಳು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ, ಅಧಿಕಾರಿಯ ಮುಖ ಬಿಳಿಚಿದೆ. ಪಕ್ಕದ ಕ್ಯಾಶಿಯರ್ ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು, ಮುಷ್ಕರ ಯಾತಕ್ಕೆ ಅಂತ.

ಬಾಟಲಿ

ಕಬ್ಬಿಣದ ಮಾತ್ರೆ ನುಂಗುವಾಗ ಡಾಕ್ಟರು ಚಹಾ ಬಿಡಿಸಿದ್ದರು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಮಾತ್ರೆ ಹೊಟ್ಟೆಗೆ ಒಗ್ಗಲಿಲ್ಲವಾದ್ದರಿಂದ ಅಕ್ಕನ ಊರಾದ ಸಂಭಾಜಿನಗರಕ್ಕೆ ಹೋದೆ. ಅಲ್ಲಿನ ಡಾಕ್ಟರು ಕಬ್ಬಿಣವನ್ನು ಸಲೈನ್‌ನಲ್ಲಿ ನರಕ್ಕೇ ಕೊಡೋಣ ಎಂದರು. ಇದರಿಂದ ಪಾಟ್ಸ್ ಹೋಗುವುದಿಲ್ಲ, ಸ್ವಲ್ಪ ಹಗುರಾಗಬಹುದು, ಅದಕ್ಕೂ ಕೆಲವು ವಾರ ಬೇಕು ಎಂದೂ ಹೇಳಿದರು.

ಕಡುಗಂದು ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಕಿಟಕಿಯ ಬಿಸಿಲು ಬಾಟಲಿಯೊಳಗೆ ಹೊಕ್ಕು ಗೋಡೆಯ ಮೇಲೆ ಜೇನುಬಣ್ಣದ ಮಚ್ಚೆಯಾಗಿ ತೇಲುತ್ತಿತ್ತು. ನಾನೂ ತೇಲುತ್ತಿದ್ದೆ. ಅಕ್ಕ ಬಹಳ ಹೊತ್ತು ಬಾಟಲಿಯನ್ನೇ ನೋಡಿದಳು.

"ಬಾಯಿಗೆ ಚಹಾ ಬ್ಯಾಡಂತ ಹೇಳಿ, ಈಗ ಕೈಗೆ ಹಾಕ್ಯಾರ ನೋಡು. ಅದೂ ಹಾಲಿಲ್ಲದ್ದು."

ಖುರ್ಚಿ

ನಾಸಿಕಕ್ಕೆ ಮರಳಿದಾಗ ನಮ್ಮ ಕಟ್ಟಡದ ಅಂಗಳದಲ್ಲಿ ನವರಾತ್ರಿಯ ದೇವಿ ಕೂತಿದ್ದಳು. ಆರತಿ ಬಹಳ ಉದ್ದ, ಆದರೂ ಈ ಸಲ ಕೊನೆತನಕ ನಿಲ್ಲಲೇಬೇಕೆಂದು ಹಟ ಹಿಡಿದೆ. ಕಾಲಿನ ರಕ್ತ ಮೇಲೇರಲಿ ಎಂದು ಡಾಕ್ಟರು ಕಲಿಸಿದ್ದನ್ನೆಲ್ಲ ಮಾಡಿದೆ: ತುದಿಗಾಲಲ್ಲಿ ಏರಿ ಇಳಿದೆ, ಮುಷ್ಟಿ ಬಿಗಿದೆ, ಕಾಲಿಗೆ ಕಾಲು ಹೆಣೆದು ಒತ್ತಿದೆ. ದೀಪಗಳು ನೀರಲ್ಲಿ ತೇಲಿದಂತೆ ಕಂಡವು. ಗಂಟೆಯ ಸದ್ದು ದೂರ ಸರಿಯಿತು. ನೋಡಿದರೆ ಆರತಿಯೇ ನಿಂತುಹೋಗಿದೆ, ಎಲ್ಲರೂ ನನ್ನ ಕಡೆ ತಿರುಗಿ ಕೈಮುಗಿದಿದ್ದಾರೆ. ನನ್ನ ಮೈಮೇಲೆ ದೇವಿ ಬಂದಳೆಂದು ತಿಳಿದಿದ್ದರು. ಎದುರುಮನೆಯ ಅಜ್ಜಿ ನನ್ನ ಹಣೆಗೆ ಕುಂಕುಮ ಒತ್ತಿ, ತಾಯಿಗೆ ಏನು ಬೇಕೆಂದು ಮರಾಠಿಯಲ್ಲಿ ಕೇಳಿದರು. ದೇವಿಯ ಎದುರು ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಏಕ್ ಖುರ್ಚಿ," ಎಂದೆ.

ಖುರ್ಚಿ ಓಡೋಡಿ ಬಂತು. ಆ ದಿನ ಕೂತೆ. ಮರುದಿನ ಹೋದರೆ ಅದು ದೇವಿಯ ಪಕ್ಕದಲ್ಲೇ ಇತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಸಿಕೊಂಡು. ಯಾರೂ ಕೂರುವಂತಿರಲಿಲ್ಲ, ನಾನು ಕೂಡ. ದಸರೆಯ ಹೊತ್ತಿಗೆ ಕಬ್ಬಿಣ ಮೈಗೆ ಹತ್ತಿತೋ, ಕೂರಲು ಬೇರೆ ಖುರ್ಚಿಯೇ ಇರಲಿಲ್ಲವೋ ತಿಳಿಯದು. ಆ ಖಾಲಿ ಖುರ್ಚಿಗೆ ಕೈಮುಗಿದುಕೊಂಡು ಇಡೀ ಆರತಿ ನಿಂತೇ ಇದ್ದೆ.