ಪ್ರೊಬೇಷನ್ ಮೇಡಂ ಮತ್ತು ಹದಿನಾಲ್ಕು ಕಾರುಗಳು

ಸುಮ್ಮನಿರುವ ಮನುಷ್ಯನನ್ನು ಸರ್ಕಾರ ಸುಮ್ಮನಿರಲು ಬಿಡುವುದೇ ಇಲ್ಲ. ನನ್ನ ವಿಷಯದಲ್ಲಂತೂ ಐವತ್ತು ವರ್ಷದಿಂದ ಹೀಗೇ ಆಗುತ್ತಿದೆ. ಮೊದಲು ನಮ್ಮ ದೇಶದ ಸರ್ಕಾರ, ಈಗ ಐರ್ಲೆಂಡಿನದು. ಓದಿ, ತಪ್ಪು ಯಾರದು ಅಂತ ನೀವೇ ಹೇಳಿ.

೧. ಹಳದಿ ಜಾಕೆಟ್

ಲಾಕ್‌ಡೌನ್ ಕಾಲ. ಮನೆಯಿಂದ ಐದು ಕಿಲೋಮೀಟರ್ ದಾಟುವ ಹಾಗಿಲ್ಲ. ಊರೆಲ್ಲ ಗಾರ್ಡಗಳು, ಅಂದರೆ ಇಲ್ಲಿನ ಪೊಲೀಸರು, ಕಾರು ತಡೆದು ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಿದ್ದರು. ಕಾರ್ಕ್ ನಗರದ ಪಕ್ಕದ ಬ್ಯಾಲಿನ್‌ಕೊಲಿಗ್‌ನ ನಮ್ಮ ಬಡಾವಣೆಗೆ ಮಾತ್ರ ಒಬ್ಬನೂ ಬರಲಿಲ್ಲ. ಇದು ಅನ್ಯಾಯ ಅನ್ನಿಸಿತು. ಸೈಕಲ್ ಹೊಡೆಯುವಾಗಿನ, ಗಾರ್ಡಗಳದ್ದರ ಹಾಗೇ ಇರುವ ಹಳದಿ ಜಾಕೆಟ್ ತೊಟ್ಟು, ಮಗಳ ಡ್ರಾಯಿಂಗ್ ರಟ್ಟು ಹಿಡಿದು, ಬೀದಿಯಲ್ಲಿ ನಿಂತು ನಾಲ್ಕು ಕಾರು ನಿಲ್ಲಿಸಿದೆ. ನಾಲ್ಕನೆಯದು ಡ್ಯೂಟಿ ಮುಗಿಸಿ ಬರುತ್ತಿದ್ದ, ನಮ್ಮ ಬೀದಿಯಲ್ಲೇ ಇರುವ ಗಾರ್ಡ ಒಬ್ಬನದು. ಕಾರ್ಡ್ ತೋರಿಸಿ ಅಂದೆ. ತೋರಿಸಿದ. ಪೊಲೀಸ್ ಕಾರ್ಡು.

ಪೊಲೀಸರ ವೇಷ ಹಾಕಿದ್ದಕ್ಕೆ ಕೇಸಾಯಿತು. ಆರು ತಿಂಗಳು ಪ್ರೊಬೇಷನ್ ಅಧಿಕಾರಿಯ ಕಣ್ಗಾವಲಿನಲ್ಲಿರಬೇಕು, ಆಕೆಯ ವರದಿ ಒಳ್ಳೆಯದಿದ್ದರೆ ಕೇಸ್ ವಜಾ, ಇಲ್ಲದಿದ್ದರೆ ಶಿಕ್ಷೆ ದಾಖಲು ಅಂದರು ನ್ಯಾಯಾಧೀಶರು. ದಾಖಲಾದರೆ ನಮ್ಮ ಪೌರತ್ವದ ಅರ್ಜಿ ಕಸದಬುಟ್ಟಿಗೆ.

“ಹನ್ನೊಂದು ವರ್ಷ ಈ ಚಳೀಲಿ ನಡುಗಿದ್ದು ನಿಮ್ಮ ಜಾಕೆಟ್‌ಗೋಸ್ಕರನಾ?” ಅಂದಳು ಹೆಂಡತಿ. ಆ ಜಾಕೆಟ್ ಬೆಚ್ಚಗೂ ಇರಲಿಲ್ಲ.

೨. ಎರಡು ಮೀಟರ್

ಪ್ರೊಬೇಷನ್ ಮೇಡಮ್ಮಿಗೆ ಮನೆಗೆ ಬರುವ ಅಧಿಕಾರವಿದೆ, ಏನು ಬೇಕಾದರೂ ಕೇಳುವ ಅಧಿಕಾರವಿದೆ. ಒಳಗೆ ಬರುವ ಹಾಗಿಲ್ಲ, ಕೋವಿಡ್ಡು. ಹಾಗಾಗಿ ಗೇಟಿನಾಚೆ ಎರಡು ಮೀಟರ್ ದೂರ ನಿಂತು, ಮಾಸ್ಕಿನೊಳಗಿಂದ, ಇಡೀ ಬೀದಿಗೆ ಕೇಳುವ ಹಾಗೆ ನನ್ನ ಗುಟ್ಟುಗಳನ್ನು ವಿಚಾರಿಸಿದರು. ಕುಡಿತ ಎಷ್ಟು? ನಿದ್ದೆ ಬರುತ್ತಾ? ಘಟನೆ ನಿಮ್ಮ ಮಾತಿನಲ್ಲಿ ಹೇಳಿ. ನಾನು ಆರು ಕಾರು ಅಂದೆ. ಅಷ್ಟು ದೂರಕ್ಕೆ ನಾಲ್ಕು ಕೇಳಿಸುವುದಿಲ್ಲ.

ಮನೆಯಲ್ಲಿ ಕೋಪ ಜಾಸ್ತಿಯಾ ಅಂತ ಕೇಳಿದಾಗ, ಪಕ್ಕದ ತೋಟದ ಅಜ್ಜಿ ಗುಲಾಬಿ ಕತ್ತರಿಸುತ್ತಲೇ ಉತ್ತರ ಕೊಟ್ಟರು: “ಅವನಿಗಿಲ್ಲಮ್ಮ, ಅವನ ಹೆಂಡತಿಗೆ. ಪಾಪ, ಕಾರಣ ಇದೆ.”

೩. ನೆಟ್‌ವರ್ಕ್

ಮುಂದಿನ ತಿಂಗಳು ವಿಡಿಯೋ ಕಾಲ್. ಮತ್ತೆ ಅದೇ ಪ್ರಶ್ನೆ. ಒಂಬತ್ತು ಕಾರು ಅಂದೆ, ಅದರಲ್ಲಿ ಒಂದು ಹಾಲಿನ ವ್ಯಾನು. ಹೋದ ಸಲ ಆರು ಅಂದಿದ್ದಿರಲ್ಲ ಅಂದರು. ಬರೆದಿಟ್ಟುಕೊಳ್ಳುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ತಕ್ಷಣ ಬಾಯಿ ಅರ್ಧ ತೆರೆದು, ಕಣ್ಣು ಮಿಟುಕಿಸದೆ, ನೆಟ್‌ವರ್ಕ್ ಹೋದವನ ಹಾಗೆ ಕಲ್ಲಾದೆ. ಆಕೆ ಹಲೋ ಹಲೋ ಅಂತಿದ್ದರು. ಇನ್ನೇನು ಕಟ್ ಮಾಡಬೇಕು, ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಮಗಳು ಬಿಸ್ಕತ್ತು ತಿನ್ನುತ್ತಾ ಹಾದುಹೋದಳು. ತಿರುಗಿ ನಿಂತು, ಅಪ್ಪಟ ಕಾರ್ಕ್ ರಾಗದಲ್ಲಿ ನನ್ನ ಆರೋಗ್ಯ ವಿಚಾರಿಸಿದಳು: “ಆರ್ ಯೂ ಗ್ರ್ಯಾಂಡ್, ಡ್ಯಾಡ್?”

೪. ತಾಂಬೂಲ

ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಇದಕ್ಕೆ. ಆಕೆ ಮುಂದೆ ಬಂದದ್ದು ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ. ಪ್ರೊಬೇಷನ್ನಿನವರು ನಮ್ಮಿಂದ ಒಂದು ಲೋಟ ನೀರೂ ಮುಟ್ಟಬಾರದಂತೆ. ನನ್ನ ಹೆಂಡತಿಗೂ ನಿಯಮಗಳಿವೆ. “ಹಬ್ಬದ ದಿನ ಬಾಗಿಲಿಗೆ ಬಂದ ಹೆಣ್ಣುಮಗಳನ್ನ ಬರಿಗೈಲಿ ಕಳಿಸಿದ್ರೆ ನಾಳೆ ನಾನು ಯಾವ ಮುಖ ಇಟ್ಕೊಂಡು ದೀಪ ಹಚ್ಚಲಿ?” ಅಂತ, ಎಲೆ ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸು ಇಟ್ಟ ತಟ್ಟೆಯನ್ನು ಗೇಟಿನ ಕಂಬದ ಮೇಲಿಟ್ಟು ಎರಡು ಮೀಟರ್ ಹಿಂದೆ ಸರಿದು ನಿಂತಳು. ಮೇಡಂ ಒಂದನ್ನೂ ಮುಟ್ಟದೆ ಎಲ್ಲವನ್ನೂ ಬರೆದುಕೊಂಡರು.

ಸೋಮವಾರ ಅವರ ಮೇಲಧಿಕಾರಿಯ ಫೋನು. ಕಾಯಿ, ಬಟ್ಟೆ ಅರ್ಥವಾಯಿತು, ಆ ಎಲೆ ಏನು ಮಾಡಲಿಕ್ಕೆ ಅಂದರು. ಸತ್ಯವನ್ನೇ ಹೇಳಿದೆ. ಅಗಿಯಲಿಕ್ಕೆ, ಆಮೇಲೆ ಬಹಳ ಹಿತವಾಗಿರುತ್ತೆ ಅಂತ.

೫. ವರದಿ

ಆರು ತಿಂಗಳಾಯಿತು. ಕೋರ್ಟಿನಲ್ಲಿ ಹೆಂಡತಿ ಹಿಂದಿನ ಬೆಂಚಿನಲ್ಲಿ, ಕೈಯಲ್ಲಿ ಅರ್ಜಿಯ ಫೈಲು. ನ್ಯಾಯಾಧೀಶರು ವರದಿ ಓದಿದರು. ಎಲೆ ನಿರಪಾಯ. ಸಂಸಾರ ಒಳ್ಳೆಯದು. ಆದರೆ ಆರೋಪಿ ಪ್ರತಿ ಭೇಟಿಯಲ್ಲೂ ತನ್ನ ಅಪರಾಧವನ್ನು ಹೆಚ್ಚಿಸುತ್ತಿದ್ದಾನೆ. ಆರು, ಒಂಬತ್ತು, ಹನ್ನೊಂದು, ಕೊನೆಗೆ ಹದಿನಾಲ್ಕು ಕಾರು, ಒಂದು ಆಂಬುಲೆನ್ಸ್.

ಕನ್ನಡಕದ ಮೇಲಿಂದ ನೋಡಿದರು. “ಚಾರ್ಜ್‌ಶೀಟಿನಲ್ಲಿರುವುದು ಒಂದು ಕಾರು. ಹದಿನಾಲ್ಕು ಅನ್ನುವುದಾದರೆ ನಾನು ಶಿಕ್ಷೆ ಕೊಡಬೇಕಾಗುತ್ತದೆ. ಎಷ್ಟು ನಿಲ್ಲಿಸಿದಿರಿ?”

ಬೆನ್ನ ಹಿಂದೆ ಫೈಲಿನ ಸದ್ದು ಕೇಳಿಸಿತು. ಆ ಹದಿನಾಲ್ಕರ ಕಥೆಯನ್ನು ಹಾಲಿಹಿಲ್‌ನಲ್ಲಿರುವ ನಮ್ಮ ಆಫೀಸಿನವರಿಗೆಲ್ಲ ಹೇಳಿ ಮುಗಿಸಿದ್ದೆ. ಒಬ್ಬ ಮನುಷ್ಯನನ್ನು ತುಂಬಿದ ಕೋರ್ಟಿನಲ್ಲಿ ಹೀಗೆ ಅವಮಾನ ಮಾಡುವ ಅಧಿಕಾರ ಯಾವ ಕಾನೂನು ಕೊಟ್ಟಿದೆ?

“ಒಂದೇ, ಸ್ವಾಮಿ,” ಅಂದೆ.

ಕೇಸ್ ವಜಾ. ಹೆಂಡತಿ ಮೊದಲ ಸಲ ಉಸಿರು ಬಿಟ್ಟಳು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ತಲೆಯೆತ್ತಿ ಹೊರಗೆ ಬರುತ್ತಿದ್ದೆ. ಸಾಕ್ಷಿ ಹೇಳಲು ಬಂದು ಕೂತಿದ್ದ ಆ ಗಾರ್ಡ ಎದ್ದು ನಿಂತ, ದಾಖಲೆ ಸರಿ ಇರಲಿ ಅಂತ ಒಂದು ಮಾತು ಸೇರಿಸಿದ:

“ಅದನ್ನೂ ಇವರು ನಿಲ್ಲಿಸಿದ್ದಲ್ಲ, ಸ್ವಾಮಿ. ಇವರು ನಿಂತಿದ್ದು ನನ್ನ ಮನೆ ಮುಂದೆ. ನಾನು ಪಾರ್ಕ್ ಮಾಡ್ತಾ ಇದ್ದೆ.”