ಮಾವನವರ ಹೊಟ್ಟೆ ಮತ್ತು ನನ್ನ ಕ್ಷಾರ

ಆಳಂದದಲ್ಲಿ ನನ್ನದು ಬಟ್ಟೆ ಅಂಗಡಿ. ರಸಾಯನಶಾಸ್ತ್ರಕ್ಕೂ ನನಗೂ ಇರುವ ನಂಟು, ಸೀರೆ ಬಣ್ಣ ಬಿಡುತ್ತದೋ ಇಲ್ಲವೋ ಎನ್ನುವಷ್ಟೇ. ಆದರೂ ಹತ್ತನೇ ಕ್ಲಾಸಿನ ಮಗಳಿಗೆ ವಿಜ್ಞಾನ ಹೇಳಿಕೊಡಲು ನಾನೇ ಸಾಕೆಂದು ಘೋಷಿಸಿದ್ದೆ.

ಆ ಭಾನುವಾರ ಗೊಬ್ಬೂರಿನಿಂದ ಮಾವನವರು ಬಂದಿದ್ದರು. ಮದುವೆಯಾದಾಗಿನಿಂದ ಅವರು ನನ್ನನ್ನು ಒಮ್ಮೆಯೂ ಹೊಗಳಿದವರಲ್ಲ. ಅವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಕೇಳಬೇಕೆಂದು ನನಗೆ ಬಹಳ ಆಸೆ. ಅದಕ್ಕೇ ಪಾಠವನ್ನು ಅವರ ಮಂಚದ ಪಕ್ಕದಲ್ಲೇ ಶುರು ಮಾಡಿ, ದನಿಯನ್ನೂ ತುಸು ಏರಿಸಿದೆ.

"ನಮ್ಮ ಹೊಟ್ಟ್ಯಾಗ ಆಮ್ಲ ಇರತದ. ಅಂದ್ರ ಹುಳಿ. ಅದು ಹೆಚ್ಚಾದ್ರ ಎದಿ ಉರೀತದ. ಅದಕ್ಕ ಖಾರ ಕೂಡಿಸಿದ್ರ ಎರಡೂ ತಣ್ಣಗಾಗಿ ಉಪ್ಪು, ನೀರು ಆಗತಾವ."

"ಅಪ್ಪಾ, ಖಾರ ಅಲ್ಲ, ಕ್ಷಾರ," ಎಂದಳು ಮಗಳು.

"ನಾನೂ ಅದನ್ನ ಹೇಳಾಕತ್ತೇನಿ. ಖಾರ."

ಏನು ಮಾಡಲಿ, ನನ್ನ ನಾಲಿಗೆಗೆ 'ಕ್ಷ' ಎಂದೂ ಒಲಿದಿಲ್ಲ.

ಮಾವನವರು ಎದ್ದು ಕುಳಿತರು. "ಅಳ್ಯಾರ, ನನಗೂ ಎರಡು ದಿನದಿಂದ ಎದಿ ಉರಿಯಾಕತ್ತದ. ಅದಕ್ಕೂ ಇದ ಮದ್ದೇನು?"

"ಇದ ಮದ್ದು ಮಾವಾರ. ವಿಜ್ಞಾನ ಸುಳ್ಳು ಹೇಳಂಗಿಲ್ಲ."

"ಶಾಣ್ಯಾ ಅದೀರಿ," ಎಂದರು ಮಾವನವರು. ನನಗೆ ಪದವಿ ಸಿಕ್ಕಂತಾಯಿತು. ಅದೇ ಖುಷಿಯಲ್ಲಿ ಅಂಗಡಿಗೆ ಹೋದೆ.

ಮಧ್ಯಾಹ್ನ ಹೆಂಡತಿಯ ಫೋನು ಬಂತು. "ಮೊದಲ ಮನಿಗಿ ಬರ್ರಿ. ಬ್ಯಾಡ ಅಂದ್ರೂ ಕೇಳ್ಲಾರ್ದ ನಮ್ಮಪ್ಪ ರೊಟ್ಟಿ ಮ್ಯಾಲ ಕೆಂಪು ಖಾರ ಸುರಕೊಂಡು ತಿಂದಾನ. ಏನ್ ಹೇಳೀರಿ ಅವಗ?"

"ಖಾರ ತಗೋರಿ ಅಂದೇನಿ. ಅಂದ್ರ ಆ ಖಾರ ಅಲ್ಲ, ಖಾರ!"

"ಈಗೂ ಅದನ್ನ ಅನ್ನಾಕತ್ತೀರಿ ನೋಡ್ರಿ."

ಓಡಿ ಬಂದೆ. ಮಾವನವರು ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ, ಮಂಚದ ಮೇಲೆ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದರು. ಮಗಳು ಅವರನ್ನು ಕೂಲಂಕಷವಾಗಿ ಪರಿಶೀಲಿಸಿ, "ಅಪ್ಪಾ, ನೀವು ಹೇಳ್ದಂಗ ಉಪ್ಪು, ನೀರು ಬಂದಾವ," ಎಂದಳು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಹೊಗಳಿಕೆ ಹಾಳಾಗಲಿ, ಹಿರಿಯ ಜೀವ ನರಳುತ್ತಿತ್ತು. ನಿಜವಾದ ಕ್ಷಾರ ಅಡುಗೆಮನೆಯಲ್ಲೇ ಇತ್ತಲ್ಲ, ತಿನ್ನುವ ಸೋಡಾ! ಅರ್ಧ ಚಮಚ ಸೋಡಾವನ್ನು ಗ್ಲಾಸು ತುಂಬ ನೀರಿಗೆ ಹಾಕಿದೆ. ಸಪ್ಪೆಯಾದೀತೆಂದು, ಅಳಿಯನ ಅಕ್ಕರೆಯಿಂದ, ಒಂದು ಇಡೀ ನಿಂಬೆಹಣ್ಣು ಹಿಂಡಿದೆ. ಗ್ಲಾಸು ಬುಸ್ಸೆಂದು ಉಕ್ಕಿ ಮಾವನವರ ಧೋತರ ತೋಯ್ದಿತು.

"ಅಪ್ಪಾ," ಎಂದಳು ಮಗಳು, "ನಿಂಬಿಹಣ್ಣು ಆಮ್ಲ. ನಿಮ್ಮ ಮದ್ದು ಮುತ್ಯಾನ ಹೊಟ್ಟಿಗಿ ಹೋಗೂಕಿಂತ ಮೊದಲ ಗ್ಲಾಸಿನ್ಯಾಗ ಮುಗದು ಹೋತು."

ಕೊನೆಗೆ ಹೆಂಡತಿ ತಣ್ಣನೆಯ ಹಾಲು ತಂದುಕೊಟ್ಟಳು. ಸಂಜೆಯ ಹೊತ್ತಿಗೆ ಮಾವನವರಿಗೆ ಉರಿ ಇಳಿದು ಮಾತು ಮರಳಿತು. ನಾನು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದೆ. ಮಗಳು ಪಾಠ ಮುಂದುವರಿಸಿ, "ಅಪ್ಪಾ, ಆಮ್ಲನೂ ಅಲ್ಲ, ಕ್ಷಾರನೂ ಅಲ್ಲ, ತಟಸ್ಥ ಅಂತ ಬರದದ. ಹಂಗಂದ್ರೇನು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಮಾವನವರು ಕೈಯೆತ್ತಿ ತಡೆದರು.

"ನಾ ಹೇಳ್ತೇನಿ ತಂಗಿ. ನಿಮ್ಮಪ್ಪ ಈಗ ಕುಂತಾನಲ್ಲ, ಹಿಂಗ. ಯಾರಿಗೂ ಏನೂ ತ್ರಾಸಿಲ್ಲ."

ಮಾವನವರು ನನ್ನ ಬಗ್ಗೆ ಆಡಿದ ಎರಡನೆಯ ಒಳ್ಳೆಯ ಮಾತು ಅದು. ಅದನ್ನು ಉಳಿಸಿಕೊಳ್ಳಲು ಅವರು ಊರಿಗೆ ಹೋಗುವವರೆಗೂ ನಾನು ತುಟಿ ಬಿಚ್ಚಲಿಲ್ಲ.